ಮಹಡಿ ಕೋಣೆಯ ಹೊಗೆ

ಕೆಳಗಿನ ತನ್ನ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕಾಲು ಚಾಚಿ ಮಾಟೆ ಎಲೆಯ ಕಷಾಯ ಹೀರುವ ಓತಿಲಿಯಾಗೆ ಹೊಗೆ ಎಲ್ಲಿಂದ ಕಂಡೀತು? ಅಲ್ಲಿ ಅದು ಮರ್ಯಾದೆಯಿಂದ ಚಿಮಣಿ ಹತ್ತುತ್ತಿತ್ತು. ಅದರ ಕಳ್ಳಾಟವೆಲ್ಲ ಮಹಡಿಯಲ್ಲಿ. ಚಿಮಣಿ ಸೊಸೆ ಯಾಸ್ನಾಳ ಕೋಣೆಯನ್ನು ಹಾದು ಸೂರಿಗೆ ಹೋಗುವಾಗ, ಇಟ್ಟಿಗೆ ಸಂದಿಯಿಂದ ನುಸುಳಿದ ಹೊಗೆ ನೇರವಾಗಿ ತೊಟ್ಟಿಲಿಗೆ ಕವಿಯುತ್ತಿತ್ತು.

ಎಳೆಗೂಸು ಅಮಾರೊ ಕೆಮ್ಮಿ ಕೆಮ್ಮಿ ಹಾಲು ಕಕ್ಕುತ್ತಿದ್ದ. ಕಿಟಕಿ ತೆರೆದರೆ ಭೂಮಿಯ ದಕ್ಷಿಣ ತುದಿಯ ಕೊಯಾಯ್ಕೆ ಊರಿನ ಜುಲೈ ಚಳಿಗಾಲದ ಗಾಳಿಗೆ ಅವನ ತುಟಿ ನೀಲಿಯಾಗುತ್ತಿತ್ತು. ಬೆಂಕಿ ಆರಿಸಿದರೆ ಕೊಡದ ನೀರೂ ಹೆಪ್ಪುಗಟ್ಟುತ್ತಿತ್ತು. ಗಂಡ ಎರ್ವಿನ್ ಕುರಿಗಳ ಜೊತೆ ಬೆಟ್ಟದಾಚೆ ಸಿಕ್ಕಿಕೊಂಡಿದ್ದ. ಹಿಮ ಕರಗುವವರೆಗೆ ಅವನು ಬರುವಂತಿಲ್ಲ, ಇವಳು ಹೋಗುವಂತಿಲ್ಲ.

"ಅತ್ತೆ, ಚಿಮಣಿ ಮಹಡಿ ಕೋಣೇಲೆಲ್ಲಾ ಹೊಗೆ ಕಾರ್ತಿದೆ. ನಾವಿಬ್ರೂ ನಿಮ್ಮ ಕೋಣೇಲಿ ಮಲಗ್ತೀವಿ."

"ನನ್ನ ಮಾವ ಕಟ್ಟಿದ ಚಿಮಣಿ ಅದು. ಹಸಿ ಸೌದೆ ತುರುಕೋರು ನೀವು, ಬೈಸ್ಕೊಳ್ಳೋದು ಚಿಮಣಿನಾ?"

"ಸೌದೆ ಬೇಸಿಗೇಲಿ ನೀವೇ ಒಟ್ಟಿದ್ದು."

"ಬಾಯಿಗೇನೂ ಕಮ್ಮಿಯಿಲ್ಲ! ಕೆಳಗಿನ ಕೋಣೆ ಮನೆಯೊಡತೀದು, ಹುಡುಗಿ. ನಿನ್ನ ಸರದಿ ಬಂದಾಗ ಇಳಿದು ಬರುವಿಯಂತೆ."

ಯಾಸ್ನಾ ಹಲ್ಲು ಕಚ್ಚಿಕೊಂಡು, ಸಂದಿ ಮುಚ್ಚಲು ಬೂದಿ, ಜೇಡಿ, ಉಪ್ಪು ಕಲಸಿದಳು. ಮಣ್ಣು ಹಿಡಿಯಲೆಂದು ಚಿಮಣಿಯ ಸುಣ್ಣ ಕೆರೆದಳು. ಸುಣ್ಣದಡಿ ಹಳೆಯ ಮೆತ್ತಿಗೆಯಿತ್ತು. ಅದರ ಮೇಲೆ ಬೆರಳು ಎಳೆದ ಗೀರುಗಳು, ಹೆಂಗಸಿನ ಸಣ್ಣ ಬೆರಳುಗಳವು. ಅವಳು ಮಣ್ಣುಗೈಯಲ್ಲೇ ಕೆಳಗೋಡಿದಳು.

"ಅಲ್ಲಿ ಮೊದಲು ಮೆತ್ತಿದ್ದು ಯಾರು?"

ಓತಿಲಿಯಾ ಕಷಾಯದ ಸೋರೆಬುರುಡೆ ಲೋಟವನ್ನು ಕೆಳಗಿಟ್ಟಳು. "ಸುಣ್ಣ ಯಾಕೆ ಕೆರೆದೆ?" ಎಂದಳು. ಆಮೇಲೆ ಬೆಂಕಿ ನೋಡುತ್ತಾ, "ನಾನೇ. ನಮ್ಮತ್ತೆ ಸಾಯೋವರೆಗೂ ವರ್ಷಾ ವರ್ಷಾ ಮೆತ್ತಿದೀನಿ."

"ಗೊತ್ತಿದ್ದೂ ಮಗೂನ ಅಲ್ಲಿ ಮಲಗಿಸಿದ್ರಾ?"

"ಎರ್ವಿನ್ ಅಲ್ಲಿ ಕೆಮ್ಮಲಿಲ್ಲ. ಅವನು ಇಲ್ಲೇ, ಅಜ್ಜಿ ಮಗ್ಗುಲಲ್ಲಿ ಬೆಳೆದ. ನಾನು ಎತ್ಕೊಂಡ್ರೆ ಅಳ್ತಿದ್ದ." ಮುದುಕಿ ಕೈ ಚಾಚಿದಳು. "ತಗೊಂಬಾ. ಮಗು ಇಲ್ಲಿ ಮಲಗ್ಲಿ."

"ನಾನು?"

"ಒಬ್ಬರ ಮಂಚ ಇದು. ಹೋಗು, ಕಲಸಿದ್ದು ಒಣಗುತ್ತೆ."

ಮೇಲಿನಿಂದ ಕೆಮ್ಮು ಕೇಳಿಸಿತು. ಯಾಸ್ನಾ ಹೋಗಿ ಅಮಾರೊನನ್ನು ತಂದು ಅತ್ತೆಯ ಮಡಿಲಲ್ಲಿಟ್ಟಳು. ಸ್ವಲ್ಪ ಹೊತ್ತು ಕೆಮ್ಮಿದ ಮಗು ಆಮೇಲೆ ನಿರಾಳವಾಗಿ ಉಸಿರಾಡುತ್ತಾ ನಿದ್ದೆಹೋಯಿತು. ಅವನನ್ನು ಕಿತ್ತುಕೊಂಡುಬಿಡಬೇಕೆನ್ನಿಸಿತು ಅವಳಿಗೆ. ಆದರೆ ಎಲ್ಲಿಗೆ ಒಯ್ಯುವುದು?

ಅವಳು ಮೆಟ್ಟಿಲು ಹತ್ತಿದಳು. ಕೆಳಗಿನಿಂದ ಜೋಗುಳ ಬರುತ್ತಿತ್ತು, ಕೆಮ್ಮು ಬರಲಿಲ್ಲ. ಅಷ್ಟು ಸಾಕಾಯಿತು, ಅವಳನ್ನು ಕಟ್ಟಿಹಾಕಲು. ಕಣ್ಣುರಿಸುವ ಹೊಗೆಯಲ್ಲಿ ಮಣ್ಣು ತೆಗೆದು ಸಂದಿಗೆ ಮೆತ್ತಿದಳು. ಅವಳ ಬೆರಳುಗಳು ಅತ್ತೆಯ ಹಳೆಯ ಗೀರುಗಳಲ್ಲಿ ಸರಿಯಾಗಿ ಕೂತವು.