ಒಂದೇ ಒಂದು ಏಟು

ದೊಡ್ಡ ಲೇತಿನ ಮೋಟಾರು ಕಿರುಗುಡುತ್ತಿದೆ ಎಂದು ಗೊಣಗಪ್ಪ ಬಂದು ಹೇಳಿದಾಗ ನಾನು ಅವನ ಮೇಲೆ ಹರಿಹಾಯ್ದೆ. ನಮ್ಮ ವರ್ಕ್‌ಶಾಪಿನಲ್ಲಿ ಆ ಲೇತನ್ನು ನಡೆಸುವವನು ಅವನೇ, ದಿನಕ್ಕೊಂದು ದೂರು ತರುವವನೂ ಅವನೇ. "ನಿನ್ನ ಕಿವಿಯಲ್ಲಿ ಗುಗ್ಗೆ ತುಂಬಿದೆ, ಹೋಗಿ ತೆಗೆಸ್ಕೋ" ಎಂದೆ. ಅವನು ಹೇಳಿದ್ದು ನಿಜವೆಂದು ನಾಲ್ಕು ದಿನದಿಂದ ನನಗೂ ಗೊತ್ತಿತ್ತು.

ಮೂರು ವರ್ಷದ ಹಿಂದೆ ಆ ಮೋಟಾರಿಗೆ ಬೇರಿಂಗ್ ಹಾಕಿದವನು ನಾನು. ಬೇರಿಂಗನ್ನು ಹೀಟರಿನ ಮೇಲಿಟ್ಟು ಬಿಸಿ ಮಾಡಿದರೆ ಅದು ಹಿಗ್ಗಿ, ಶಾಫ್ಟಿನ ಮೇಲೆ ತಾನಾಗಿ ಜಾರಿ ಕೂರುತ್ತದೆ. ಅವತ್ತು ಅರ್ಧಕ್ಕೇ ನಿಂತುಬಿಟ್ಟಿತು. ತೆಗೆದು ಮತ್ತೆ ಬಿಸಿ ಮಾಡಬೇಕಿತ್ತು. ಆದರೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸುತ್ತಿಗೆ ತೆಗೆದು ಹೊರಗಿನ ರಿಂಗಿಗೆ ಒಂದು ಏಟು ಕೊಟ್ಟೆ. ಒಂದೇ ಒಂದು. ಕೂತಿತು. ಅಕ್ಕಪಕ್ಕ ನೋಡಿದೆ, ಯಾರೂ ಇರಲಿಲ್ಲ.

ಬೇರಿಂಗಿಗೆ ಸುತ್ತಿಗೆ ಮುಟ್ಟಿಸಿದರೆ ಒಳಗಿನ ಗುಂಡುಗಳು ತಾವು ಓಡುವ ದಾರಿಯಲ್ಲೇ ಕುಳಿ ಬೀಳಿಸುತ್ತವೆ, ಆ ಕುಳಿಯೇ ಮುಂದೆ ಬೇರಿಂಗಿನ ಜೀವ ತೆಗೆಯುತ್ತದೆ. ಇದನ್ನು ಇಡೀ ವರ್ಕ್‌ಶಾಪಿಗೆ ಬಾಯಿಪಾಠ ಮಾಡಿಸಿದವನೂ ನಾನೇ. ಎಲ್ಲರಿಗಿಂತ ಹೆಚ್ಚಾಗಿ ಮಾಡಿಸಿದ್ದು ನನ್ನ ಮಗಳಿಗೆ. ಎರಡು ವರ್ಷದಿಂದ ಅವಳೂ ಇಲ್ಲಿ ಫಿಟ್ಟರ್. "ನಮ್ಮಪ್ಪ ಕೂರಿಸಿದ ಬೇರಿಂಗ್ ಹತ್ತು ವರ್ಷ ತುಟಿಪಿಟಕ್ ಅನ್ನಲ್ಲ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಕೇಳಿದಾಗಲೆಲ್ಲ ನಾನು ಏನಾದರೂ ನೆಪ ಹೇಳಿ ಅಲ್ಲಿಂದ ಜಾರಿಕೊಳ್ಳುತ್ತಿದ್ದೆ. ಈಗ ಬಿಚ್ಚಿದರೆ ಆ ಕುಳಿಗಳನ್ನು ಮೊದಲು ನೋಡುವವಳು ಅವಳೇ.

ಆದರೆ ಬಿಚ್ಚದೆ ಗತಿಯಿರಲಿಲ್ಲ. ನಾನೂ ಮಗಳೂ ಮೋಟಾರನ್ನು ಕಳಚಿ ಬೆಂಚಿನ ಮೇಲಿಟ್ಟಾಗ ಊಟದ ಹೊತ್ತಾಗಿತ್ತು.

"ನೀವು ಊಟಕ್ಕೆ ಹೋಗಿ ಅಪ್ಪ, ಇದನ್ನ ನಾನು ಬಿಚ್ತೀನಿ" ಎಂದಳು.

"ನೀನು ಹೋಗು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ನನಗೆ ಹಸಿವಿಲ್ಲ. ನಿಮಗೆ ಸೊಂಟ ನೋವು ಬೇರೆ, ಪುಲ್ಲರ್ ಎಳೆಯೋದು ಬೇಡ."

"ನನ್ನ ಸೊಂಟದ ಉಸಾಬರಿ ನಿನಗ್ಯಾಕೆ? ಹೋಗು ಅಂದ್ರೆ ಹೋಗ್ಬೇಕು."

ಡಬ್ಬಿ ಹಿಡಿದು ಹೊರಟಿದ್ದ ಗೊಣಗಪ್ಪ ಬಾಗಿಲಲ್ಲಿ ನಿಂತು, "ಇಷ್ಟು ಪ್ರೀತಿಯಲ್ಲಿ ಜಗಳ ಆಡೋ ಅಪ್ಪ ಮಗಳನ್ನ ಇವತ್ತೇ ನೋಡಿದ್ದು" ಎಂದ. ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಹಟದಲ್ಲಿ ಅವಳು ನನ್ನ ಮಗಳೇ.

ಪುಲ್ಲರ್ ಹಾಕಿ ಬೇರಿಂಗ್ ಎಳೆದೆವು. ಅವಳು ಗ್ರೈಂಡರಿನಿಂದ ಹೊರಗಿನ ರಿಂಗನ್ನು ಸೀಳಿದಳು. ತುಂಡುಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ದೀಪದ ಕೆಳಗೆ ಹಿಡಿದಳು. ಇಬ್ಬರೂ ಒಟ್ಟಿಗೇ ಬಗ್ಗಿದ್ದರಿಂದ ತಲೆಗೆ ತಲೆ ಬಡಿಯಿತು.

ಗುಂಡುಗಳ ದಾರಿಯ ಉದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಗೆರೆಗಳಿದ್ದವು.

"ಕರೆಂಟು ಅಪ್ಪ" ಎಂದಳು ಮೆಲ್ಲಗೆ.

ಕರೆಂಟೇ. ಮೋಟಾರಿನಲ್ಲಿ ಸೋರುವ ಕರೆಂಟು ಅರ್ತಿಂಗ್ ವೈರಿನಲ್ಲಿ ನೆಲಕ್ಕೆ ಇಳಿದುಹೋಗಬೇಕು. ಅದರ ಬೋಲ್ಟು ತುಕ್ಕು ಹಿಡಿದು ಸಡಿಲವಾಗಿತ್ತು. ಬೇರೆ ದಾರಿಯಿಲ್ಲದೆ ಕರೆಂಟು ಗುಂಡುಗಳ ಮೇಲೆ ಹಾರಿ ಹಾರಿ ಬೇರಿಂಗನ್ನು ತಿಂದುಹಾಕಿತ್ತು. ಕುಳಿಗಾಗಿ ಎರಡೆರಡು ಸಲ ಹುಡುಕಿದೆ. ಒಂದೂ ಇರಲಿಲ್ಲ. ಹೋದ ಜೀವ ಬಂದಂತಾಯಿತು, ಸ್ಟೂಲಿನ ಮೇಲೆ ಕುಸಿದು ಕೂತೆ.

ನೋಡಿದರೆ ಅವಳೂ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದಾಳೆ.

"ನಿನಗೇನಾಯ್ತು?"

"ಆರು ತಿಂಗಳ ಹಿಂದೆ ಇದಕ್ಕೆ ಗ್ರೀಸ್ ಹೊಡೆದಿದ್ದು ನಾನು. ಯಾವುದೋ ಯೋಚನೆಯಲ್ಲಿ ಮೂರು ಪಟ್ಟು ತುಂಬಿಬಿಟ್ಟೆ. ಗ್ರೀಸ್ ಹೆಚ್ಚಾಗಿ ಬೇರಿಂಗ್ ಕಾದು, ಆ ಬಿಸಿಗೇ ಸತ್ತಿದೆ ಅನ್ಕೊಂಡಿದ್ದೆ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ."

"ಎಷ್ಟು ಸಲ ಬಡ್ಕೊಂಡಿದೀನಿ ನಿನಗೆ? ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇದ್ರೆ ಈ ಕೆಲಸಕ್ಕೆ ಬರಬಾರದು..." ಎಂದು ಶುರು ಮಾಡಿದವನಿಗೆ ಕೈಯಲ್ಲಿದ್ದ ತುಂಡು ಕಂಡಿತು. ರಿಂಗಿನ ಅಂಚಿನಲ್ಲಿ ಉಗುರಿನಷ್ಟು ಚಪ್ಪಟೆ ಗುರುತು. ನನ್ನ ಸುತ್ತಿಗೆಯದೇ.

ಅವಳು ಅದನ್ನು ನೋಡಿರಲಿಲ್ಲ. ಹೆಬ್ಬೆರಳು ಇಟ್ಟರೆ ಮುಚ್ಚಿಹೋಗುತ್ತಿತ್ತು. ಇಟ್ಟೂಬಿಟ್ಟೆ. ಅವಳು ತಲೆ ತಗ್ಗಿಸಿ ಬೈಗುಳದ ಉಳಿದ ಭಾಗಕ್ಕೆ ಕಾಯುತ್ತಿದ್ದಳು, ಜನ್ಮದಲ್ಲಿ ತಪ್ಪೇ ಮಾಡದವನೊಬ್ಬ ಎದುರಿಗೆ ಕೂತಿದ್ದಾನೆ ಎನ್ನುವ ಹಾಗೆ. ನನ್ನಿಂದ ಆಗಲಿಲ್ಲ. ಬೆರಳು ತೆಗೆದೆ.

"ಇದನ್ನ ನೋಡು."

ದೀಪಕ್ಕೆ ಹಿಡಿದಳು. "ಸುತ್ತಿಗೆ ಏಟು. ಯಾರದು?"

"ಈ ಮೋಟಾರಿಗೆ ನಾನಲ್ಲದೆ ಇನ್ಯಾರು ಬೇರಿಂಗ್ ಹಾಕಿದ್ರು?"

ಅವಳು ನನ್ನನ್ನೇ ನೋಡಿದಳು. ಇಷ್ಟು ದಿನದ ಮರ್ಯಾದೆಯೆಲ್ಲ ಮಣ್ಣುಪಾಲಾಯಿತು ಎಂದುಕೊಂಡೆ.

"ಅದಕ್ಕೇನಾ ನನ್ನ ಊಟಕ್ಕೆ ಅಟ್ತಾ ಇದ್ದಿದ್ದು?"

"ಮತ್ತೆ ನೀನು? ನನ್ನ ಸೊಂಟದ ಮೇಲೆ ಬಹಳ ಕನಿಕರ ಬಂದಿತ್ತೋ?"

ಅವಳು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಾನೂ ನಕ್ಕೆ, ಸೊಂಟ ನಿಜವಾಗಿಯೂ ಹಿಡಿದುಕೊಂಡಿತು.

ಬೋಲ್ಟಿನ ತುಕ್ಕು ಉಜ್ಜಿ ಬಿಗಿದೆವು. ಹೊಸ ಬೇರಿಂಗನ್ನು ಹೀಟರಿನ ಮೇಲಿಟ್ಟೆವು. ಕೈಗವಸು ಹಾಕಿಕೊಂಡು ನಾನು ಅದನ್ನು ಶಾಫ್ಟಿಗೆ ಏರಿಸಿದೆ. ದರಿದ್ರದ್ದು ಮತ್ತೆ ಅರ್ಧಕ್ಕೇ ನಿಂತಿತು. ನನಗೇ ತಿಳಿಯದಂತೆ ನನ್ನ ಕಣ್ಣು ಬೆಂಚಿನ ಮೇಲೆಲ್ಲ ಓಡಾಡಿತು.

"ಹುಡುಕಬೇಡಿ, ನನ್ನ ಹತ್ರ ಇದೆ" ಎಂದಳು. ಸುತ್ತಿಗೆ ಅವಳ ಬೆನ್ನ ಹಿಂದಿತ್ತು. "ತೆಗೀರಿ, ಇನ್ನೊಂದು ಸಲ ಬಿಸಿ ಮಾಡೋಣ."

ತೆಗೆದೆ. ಮತ್ತೆ ಬಿಸಿ ಮಾಡಿದೆವು. ಈ ಸಲ ಕೊನೆಯವರೆಗೂ ಜಾರಿ ಕೂತಿತು.

ಮೋಟಾರನ್ನು ಜೋಡಿಸಿ ಓಡಿಸಿದಾಗ ಅವಳು ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಗೆ ಕಿವಿಯಿಟ್ಟು ಕೇಳಿದಳು. ಆಮೇಲೆ ನನಗೆ ಕೊಟ್ಟಳು. ಸಣ್ಣಗೆ, ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಆ ಮೋಟಾರಿನ ಸದ್ದನ್ನು ಹೆದರಿಕೆಯಿಲ್ಲದೆ ಕೇಳಿ ಮೂರು ವರ್ಷವಾಗಿತ್ತು. ಸಾಕೆನಿಸುವವರೆಗೂ ಕೇಳಿದೆ, ಆಮೇಲೆ ಇಬ್ಬರೂ ಊಟಕ್ಕೆ ಹೋದೆವು.