ಹಂಸದ ಕತ್ತಿಗೆ ಪಾಕ

ಹೆಂಡತಿ ಗುಣವತಿ ತೀರಿಹೋದ ಮೇಲೆ ರಾಮದಾಸರು ಮದ್ರಾಸಿನ ಪೆರಂಬೂರಿನ ಮನೆಯಲ್ಲಿ ಒಬ್ಬರೇ. ರೈಲು ಬೋಗಿ ಕಾರ್ಖಾನೆಯಲ್ಲಿ ಜೀವಮಾನವಿಡೀ ಕಬ್ಬಿಣ ಬಾಗಿಸಿದ ಈ ಮನುಷ್ಯನಿಗೆ ಮೆತ್ತನೆಯ ನೂಲನ್ನು ಗಟ್ಟಿ ಮಾಡಿ ನಿಲ್ಲಿಸುವುದು ಗೊತ್ತಿರಲಿಲ್ಲ. ಅದು ಹೆಂಡತಿಯ ಕೆಲಸ. ಕ್ರೋಶಾ ಕಡ್ಡಿಯಲ್ಲಿ ಅವಳು ಹೆಣೆದ ಬುಟ್ಟಿ, ಹೂದಾನಿ, ಹಂಸಗಳು ಷೋಕೇಸಿನಲ್ಲಿ ಗರಿಗರಿಯಾಗಿ ನಿಂತಿದ್ದವು. ಆಗ ಕಲಿಯಲೆಂದು ಅಕ್ಕಪಕ್ಕದ ಹೆಂಗಸರೆಲ್ಲ ಬರುತ್ತಿದ್ದರು. ಈಗ ಬಾಗಿಲು ತಟ್ಟುವವನು ಗ್ಯಾಸಿನವನೊಬ್ಬನೇ.

ಅವಳ ಬೀರು ತೆಗೆದಾಗ ಕೊನೆಯ ಹಂಸ ಸಿಕ್ಕಿತು. ಹೆಣಿಗೆ ಮುಗಿದಿತ್ತು, ಗಟ್ಟಿ ಮಾಡಿರಲಿಲ್ಲ. ಎತ್ತಿಕೊಂಡರೆ ಒದ್ದೆ ಕರ್ಚೀಫಿನಂತೆ ಕೈಯಲ್ಲಿ ಜೋತುಬಿತ್ತು. ಅದರ ಕತ್ತು ಹಾಗೆ ಸೋತು ಬಿದ್ದದ್ದನ್ನು ಅವರಿಂದ ನೋಡಲಾಗಲಿಲ್ಲ. ವರ್ಷದ ತಿಥಿಯ ಹೊತ್ತಿಗೆ ಅದು ಅವಳ ಫೋಟೋದ ಪಕ್ಕ ನಿಲ್ಲಲೇಬೇಕೆಂದು ಹಟ ಹಿಡಿದರು.

ವಿದ್ಯೆ ತಮಗೆ ಗೊತ್ತೆಂದೇ ಅವರ ನಂಬಿಕೆ. ಮನೆಗೆ ಯಾರೇ ಬರಲಿ, ಷೋಕೇಸು ತೋರಿಸಿ, ಎಲ್ಲ ಸಕ್ಕರೆ ಪಾಕದಲ್ಲಿ ಅದ್ದಿ ಗಟ್ಟಿ ಮಾಡಿದ್ದು, ಕಾಫಿ ಸಪ್ಪೆಯಾದರೆ ಒಂದು ಹಂಸ ಅದ್ದಿಕೊಳ್ಳಿ ಎನ್ನುವುದು ಅವರ ಹಳೆಯ ತಮಾಷೆ. ಗುಣವತಿ ನಕ್ಕು ಒಳಗೆ ಹೋಗುತ್ತಿದ್ದಳು.

ಹಾಗಾಗಿ ಪಾಕ ಕಾಸಿದರು. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವಾಗ ಅವಳು ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆಯುತ್ತಿದ್ದುದು ನೆನಪಿತ್ತು. ಹಂಸವೂ ಬೆಳ್ಳಗಿರಲಿ ಎಂದು ಇವರೂ ಧಾರಾಳವಾಗಿ ಹಾಲು ಬಿಟ್ಟರು. ಮೇಲೆ ತೇಲಿದ ಕೊಳೆಯನ್ನು ತೆಗೆಯುವುದು ಮಾತ್ರ ಮರೆತರು. ಹಂಸವನ್ನು ಅದ್ದಿ, ಹಿಂಡಿ, ಹೊಟ್ಟೆಗೆ ಲೋಟ ಕೊಟ್ಟು, ಕತ್ತಿನೊಳಗೆ ಪೆನ್ನು ತೂರಿಸಿ ಬಾಲ್ಕನಿಯಲ್ಲಿಟ್ಟರು. ಮದ್ರಾಸಿನ ಜಿಗುಟು ಗಾಳಿಯಲ್ಲಿ ಬಟ್ಟೆ ಒಣಗುವುದೇ ಕಷ್ಟ, ಪಾಕ ಒಣಗೀತೇ? ಮರುದಿನವೇ ಹುಳಿ ವಾಸನೆ ಬಂತು. ಇರುವೆಗಳು ಸಂಸಾರ ಸಮೇತ ಬಂದು ಬೀಡುಬಿಟ್ಟವು. ಪೆನ್ನು ಎಳೆದದ್ದೇ ತಡ, ಕತ್ತು ಮಡಿಸಿಕೊಂಡು ಬಿತ್ತು.

ಸೋತು ಮೈಸೂರಿನ ನಾದಿನಿ ಶಾಲಿನಿಗೆ ಫೋನ್ ಮಾಡಿದರು. ಹಂಸ ಅದ್ದುವ ಪಾಕಕ್ಕೆ ಸಕ್ಕರೆಯೆಷ್ಟು, ನೀರೆಷ್ಟು ಎಂದು ಕೇಳಿದರು.

“ಅಕ್ಕ ಸಕ್ಕರೆ ಹಾಕ್ತಾನೇ ಇರ್ಲಿಲ್ವಲ್ಲ ಭಾವ. ಆ ಊರಿಗೆ ಹೋದ ಹೊಸದ್ರಲ್ಲೇ ಇರುವೆ ಕಾಟ ಅಂತ ಬಿಟ್ಬಿಟ್ಟಿದ್ಲು. ಫೆವಿಕಾಲ್‌ಗೆ ನೀರು ಬೆರೆಸಿ ಅದ್ದೋಳು. ನಿಮಗೆ ಹೇಳಿರ್ಲಿಲ್ವಾ?”

ಹೇಳಿದ್ದಿರಬಹುದು, ಇವರು ಕಿವಿಗೆ ಹಾಕಿಕೊಂಡಿರಲಿಕ್ಕಿಲ್ಲ. ಇಲ್ಲವೇ ಬಂದವರೆದುರು ಗಂಡನ ತಮಾಷೆ ಕೆಡದಿರಲಿ ಎಂದು ಅವಳೇ ಸುಮ್ಮನಿದ್ದಳೋ ಏನೋ. ಕೇಳೋಣವೆಂದರೆ ಅವಳಿಲ್ಲ. ಅವಳು ತೀರಿಕೊಂಡ ದಿನ ಮನೆ ತುಂಬ ಜನರಿದ್ದರು. ಒಂಟಿಯಾದೆ ಎನ್ನುವುದು ಅವರಿಗೆ ನಿಜವಾಗಿ ತಟ್ಟಿದ್ದು ಈಗ.

ಮೊದಲು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಸಕ್ಕರೆಯೆಲ್ಲ ಬಿಡಿಸಿ, ಆಮೇಲೆ ಅಂಟಿಗೆ ಅಷ್ಟೇ ನೀರು ಸೇರಿಸಿ ಅದ್ದಿ ಎಂದು ಶಾಲಿನಿ ತಿಳಿಸಿ ಹೇಳಿದಳು. ರಾಮದಾಸರು ಹೂಂಗುಟ್ಟಿದರು. ಒಲೆಯ ಮೇಲೆ ಸಾರಿದೆ, ಫೋನ್ ಇಡುತ್ತೇನೆ ಎಂದು ಅವಳು ಹೇಳುವಷ್ಟರಲ್ಲಿ ತಡೆದರು.

“ಇಡಬೇಡ ಶಾಲಿನಿ, ಒಂದ್ನಿಮಿಷ. ಅವಳದ್ದು ಇನ್ನೇನಾದ್ರೂ ಹೇಳಮ್ಮ. ನಂಗೆ ಗೊತ್ತಿಲ್ದೇ ಇರೋದು.”