ಉಳಿದುಹೋಗುತ್ತಿದ್ದ ನೀರು

ಬೆಳಗಿನ ಹತ್ತೂವರೆಗೆ ಇಸ್ತ್ರಿ ತಾತ ಎಂದಿನಂತೆ ರೇಡಿಯೊದ ಕಿವಿ ಹಿಂಡಿದ. ಹಾಡಿನ ಬದಲು ವಾರ್ತೆ ಬಂತು. ಎಲ್ಲೋ ದೂರದ ಒಂದು ಗ್ರಹದಲ್ಲಿ ನೀರಿರುವುದು ಗೊತ್ತಾಗಿದೆಯಂತೆ.

“ನಮ್ಮ ಬೀದಿ ನಲ್ಲೀಲಿ ಮೂರು ದಿನದಿಂದ ನೀರಿಲ್ಲ. ಅದನ್ನ ಯಾರು ಹುಡುಕ್ತಾರಂತೆ?” ಎಂದಳು ಕಾಲರಕ್ಕ.

ಆ ಹೊಲಿಗೆ ಕಾರ್ಖಾನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಶಾಲಾ ಮಕ್ಕಳ ಅಂಗಿಯ ಯಾವ ಭಾಗ ಯಾರ ಪಾಲಿಗೆ ಬಂದಿತ್ತೋ ಅದೇ ಅವರ ಹೆಸರು. ಕಾಲರ್ ಕೂಡಿಸುವವಳು ಕಾಲರಕ್ಕ, ಜೇಬು ಹಚ್ಚುವವಳು ಜೇಬಮ್ಮ. ಗುಂಡಿ ತೂರಿಸುವ ಕಾಜಾ ಹಾಕುತ್ತ ಒಂಬತ್ತು ವರ್ಷದಿಂದ ಒಂದೇ ಯಂತ್ರದ ಮುಂದೆ ಕುಳಿತವಳು ಕಾಜಕ್ಕ.

“ನಮ್ಮತ್ತೇನ ಅಲ್ಲಿಗೆ ಕಳಿಸಿಬಿಡ್ತೀನಿ,” ಎಂದಳು ಜೇಬಮ್ಮ. “ದಿನಕ್ಕೆ ಮೂರು ಸಲ ಮನೆ ಒರೆಸು ಅಂತಾರೆ. ಅಲ್ಲಿ ಇಡೀ ಗ್ರಹ ಒರೆಸ್ಕೊಂಡು ಇರ್ಲಿ.”

“ಪಾಪ, ಆ ಗ್ರಹ ನಿನಗೇನು ಮಾಡಿತ್ತೇ?” ಎಂದಳು ಕಾಲರಕ್ಕ.

“ಬ್ರೋಕರುಗಳು ಆಗ್ಲೇ ಹೊರಟಿರ್ತಾರೆ,” ಇಸ್ತ್ರಿ ತಾತ ಅಂಗಿಯೊಂದನ್ನು ಮಗುಚಿ ಹಾಕಿದ. “ಮೂಲೆ ಸೈಟು, ನೀರಿಗೆ ಬರ ಇಲ್ಲ. ಗಾಳಿ ಒಂದು ಕೇಳ್ಬೇಡಿ!”

ಬಟ್ಟೆ ಕತ್ತರಿಸುವ ಮೇಜಿನಿಂದ ಮಾಸ್ಟರೂ ನಕ್ಕರು. ಕೆಲಸ ಹಂಚುವವರು, ಮಾಲೀಕರಿಗೆ ಉತ್ತರ ಹೇಳುವವರು ಅವರೇ. “ಕಾಜಕ್ಕ, ನೀವೇನ್ ಮಾಡ್ತೀರಿ ಅಲ್ಲಿಗೆ ಹೋದ್ರೆ?”

ಕಾಜಕ್ಕ ಸೂಜಿಯ ಮೇಲಿನ ಕಣ್ಣು ತೆಗೆಯಲಿಲ್ಲ.

“ಹೊಟ್ಟೆ ತುಂಬಾ ಕುಡೀತೀನಿ.”

“ಅದಕ್ಕೆ ಅಷ್ಟು ದೂರ ಯಾಕೆ?” ಮಾಸ್ಟರಿಗೆ ಇನ್ನಷ್ಟು ನಗು ಬಂತು. “ಮೂಲೇಲಿ ಕ್ಯಾನ್ ಇದೆಯಲ್ಲ! ಮೊದಲು ದಿನಕ್ಕೆ ಎರಡು ತರಿಸ್ತಿದ್ದೆ. ಉಳೀತಿತ್ತು ಅಂತ ಒಂದು ಮಾಡ್ದೆ. ಅದೂ ಸಂಜೆಗೆ ಅರ್ಧ ಹಾಗೇ ಇರುತ್ತೆ. ನಿಮಗೆಲ್ಲ ಬಾಯಾರಿಕೆನೇ ಆಗಲ್ವಲ್ಲ!”

ಈ ಮಾತಿಗೆ ಯಾರೂ ನಗಲಿಲ್ಲ.

ಆ ಮಹಡಿಯಲ್ಲಿ ಹೆಂಗಸರಿಗೆ ಇದ್ದದ್ದು ಒಂದೇ ಶೌಚಾಲಯ. ಅದಕ್ಕೆ ಬೀಗ. ಕೀಲಿ ಮಾಸ್ಟರ ಮೇಜಿನ ಮೇಲೆ. ಬೇಕಾದವರು ಯಂತ್ರ ನಿಲ್ಲಿಸಿ, ಬಟ್ಟೆ ಕತ್ತರಿಸುವ, ಇಸ್ತ್ರಿ ಮಾಡುವ ಗಂಡಸರ ಎದುರಿನಲ್ಲಿ ನಡೆದುಹೋಗಿ ಕೇಳಬೇಕು. ಮಾಸ್ಟರು ಒಮ್ಮೆಯೂ ಕೊಡುವುದಿಲ್ಲ ಎಂದವರಲ್ಲ. ಕೊಡುವ ಮೊದಲು ಗೋಡೆ ಗಡಿಯಾರದತ್ತ ಒಂದು ಸಲ ಕತ್ತೆತ್ತುತ್ತಿದ್ದರು, ಅಷ್ಟೆ. ಆ ನೋಟಕ್ಕೆ ಅಂಜಿ ಹೆಂಗಸರು ನೀರನ್ನೇ ಬಿಟ್ಟಿದ್ದರು. ಊಟದ ಹೊತ್ತಿಗೆ ಎರಡು ಗುಟುಕು. ಆಮೇಲೆ ಮನೆಗೆ ಹೋದ ಮೇಲೆಯೇ.

ಕಾಜಕ್ಕನಿಗೆ ಆ ವರ್ಷ ಮೂರನೇ ಸಲ ಉರಿಮೂತ್ರ ಬಂದಿತ್ತು. “ಹೀಗೇ ಆದ್ರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತೆ. ನೀರು ಕುಡೀರಿ, ಇಲ್ಲ ಕೆಲಸ ಬಿಡಿ,” ಎಂದಿದ್ದರು ಡಾಕ್ಟರಮ್ಮ. ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಅವಳ ಕೈಯ ಕಾಜಾ ಒಂದೂ ಬಿರಿದದ್ದಿಲ್ಲ. ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟುವಾಗ ಅವಳಿಗೆ ತವರಿನ ಅಡುಗೆಮನೆಯ ಮಣ್ಣಿನ ಹೂಜಿ ನೆನಪಾಗುತ್ತಿತ್ತು. ಅದರ ಕುತ್ತಿಗೆ ಹಿಡಿದು ಬಗ್ಗಿಸುವುದು, ಗುಳುಗುಳು ಸದ್ದು, ಲೋಟದ ತಂಪು ಮೇಲ್ದುಟಿಗೆ ತಾಗುವುದು, ‘ನಿಧಾನ ಕಣೇ, ನೆತ್ತಿಗೇರೀತು’ ಎನ್ನುವ ಅಮ್ಮ. ಹತ್ತು ಹೆಜ್ಜೆ ದೂರದಲ್ಲಿ ಕ್ಯಾನು ಇಟ್ಟುಕೊಂಡು, ಇಲ್ಲದ ಹೂಜಿಗಾಗಿ ಅವಳು ಹಂಬಲಿಸುತ್ತಿದ್ದಳು.

ಅವಳು ಯಂತ್ರ ನಿಲ್ಲಿಸಿದಳು.

“ಬಾಯಾರಿಕೆ ಆಗುತ್ತೆ ಮಾಸ್ಟ್ರೇ. ಕುಡಿದ್ರೆ ನಿಮ್ಮ ಹತ್ರ ಕೀಲಿ ಕೇಳ್ಬೇಕಾಗುತ್ತೆ.”

ಮಾಸ್ಟರ ಮುಖ ಕೆಂಪಾಯಿತು. “ನಾನು ಯಾವತ್ತಾದ್ರೂ ಇಲ್ಲ ಅಂದಿದ್ದೀನಾ?”

“ಅಂದಿಲ್ಲ. ಗಡಿಯಾರ ನೋಡ್ತೀರಿ.”

“ನೋಡ್ದೆ ಇನ್ನೇನ್ ಮಾಡ್ಲಿ? ಒಬ್ರು ಎದ್ರೆ ಹಿಂದಿನವರ ಕೆಲಸ ನಿಲ್ಲುತ್ತೆ. ಮಾಲೀಕರು ಕೇಳೋದು ನನ್ನನ್ನ, ನಿಮ್ಮನ್ನಲ್ಲ. ಬೀಗ ಹಾಕಿದ್ದೂ ನನ್ನ ಚಪಲಕ್ಕಲ್ಲ. ಕೆಳಗಿನ ಅಂಗಡಿಯೋರೆಲ್ಲ ಬಂದು ಗಲೀಜು ಮಾಡ್ತಾರೆ ಅಂತ ನೀವೇ ಜಗಳ ಆಡಿದ್ರಿ.”

“ಅದೂ ನಿಜಾನೇ,” ಎಂದಳು ಕಾಜಕ್ಕ. ಅವಳ ದನಿಯಲ್ಲಿ ಕೊಂಕಿರಲಿಲ್ಲ. “ನಿಮಗೆ ತೊಂದರೆ ಬೇಡ ಅಂತಾನೇ ನಾವು ಕುಡಿಯಲ್ಲ.”

“ಗಂಡಸರಿಗೇನು, ಹಿಂದಿನ ಗೋಡೆ ಇದೆ,” ಎಂದು ಜೇಬಮ್ಮ ಗೊಣಗಿದಳು. ಇಸ್ತ್ರಿ ತಾತ ಆಗಲೇ ಗರಿಗರಿಯಾಗಿದ್ದ ಅಂಗಿಯನ್ನು ಮತ್ತೊಮ್ಮೆ ಉಜ್ಜತೊಡಗಿದ.

ಅಂದು ಸಂಜೆ ಮಾಸ್ಟರು ದಿನದ ಲೆಕ್ಕವನ್ನೂ ಕೇಳದೆ ಹೊರಟುಹೋದರು. ‘ನನ್ನ ಬಾಯಿಗೇನಾಗಿತ್ತು? ನಾಳೆ ಬರಬೇಡ ಅಂದರೆ?’ ಎಂದು ಮನೆಯ ದಾರಿಯುದ್ದಕ್ಕೂ ಕಾಜಕ್ಕ ತನ್ನನ್ನೇ ಬೈದುಕೊಂಡಳು.

ಮರುದಿನ ಮಾಸ್ಟರು ತಡವಾಗಿ ಬಂದರು. ನೇರವಾಗಿ ಅವಳ ಯಂತ್ರದ ಬಳಿ ಬಂದು ನಿಂತು, ದಾರದ ಉಂಡೆಯೊಂದನ್ನು ಸುಮ್ಮನೆ ಎತ್ತಿ ಇಟ್ಟರು.

“ನಮ್ಮನೆಯವಳು ಬಟ್ಟೆ ಅಂಗಡೀಲಿ ನಿಂತು ಕೆಲಸ ಮಾಡ್ತಾಳೆ, ಗೊತ್ತಲ್ಲ? ಸಂಜೆ ಬಂದವಳೇ ಬ್ಯಾಗೂ ಇಳಿಸಲ್ಲ, ಮೂರು ಚೊಂಬು ನೀರು ಕುಡೀತಾಳೆ. ಹದಿನಾಲ್ಕು ವರ್ಷದಿಂದ ‘ಬಂತು ನೋಡಿ ಒಂಟೆ’ ಅಂತ ಮಕ್ಕಳ ಮುಂದೆ ನಗಾಡ್ತಿದ್ದೆ.” ಅವರು ಉಂಡೆಯನ್ನು ಮತ್ತೆ ಕೈಗೆತ್ತಿಕೊಂಡರು. “ನಿನ್ನೆ ಯಾಕೆ ಅಂತ ಕೇಳ್ದೆ.”

“ಏನಂದ್ರು?”

“‘ಇಷ್ಟು ವರ್ಷಕ್ಕೆ ಕೇಳಿದ್ರಲ್ಲ’ ಅಂತ ಅತ್ತುಬಿಟ್ಳು.”

ಮಾಸ್ಟರು ಯಂತ್ರ ರಿಪೇರಿಯ ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಶೌಚಾಲಯದತ್ತ ಹೋದರು. ಬೀಗದ ಕೊಂಡಿ ಕಳಚಿ ಬಿದ್ದ ಸದ್ದು ಕೇಳಿಸಿತು. “ಮೆಟ್ಟಿಲ ಬಾಗಿಲು ಹಾಕ್ಕೊಂಡ್ರೆ ಕೆಳಗಿನೋರು ಬರಲ್ಲ. ಮಾಲೀಕರಿಗೆ ನಾನು ಹೇಳ್ಕೋತೀನಿ,” ಎಂದರು ಅಲ್ಲಿಂದಲೇ. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ, “ಒಳಗಿನ ಚಿಲಕ ಅಲ್ಲಾಡ್ತಾ ಇದೆ. ಅದನ್ನೂ ಬಿಗಿ ಮಾಡ್ಲಾ?” ಎಂದು ಕೇಳಿದರು.

“ಮಾಡಿ ಮಾಸ್ಟ್ರೇ,” ಎಂದು ಮೂರು ನಾಲ್ಕು ದನಿಗಳು ಒಟ್ಟಿಗೆ ಹೇಳಿದವು.

ಹನ್ನೊಂದು ಗಂಟೆಗೆ ಕಾಜಕ್ಕ ಎದ್ದಳು. ಕ್ಯಾನಿನ ಬಳಿ ಹೋಗಿ ಲೋಟ ಹಿಡಿದಾಗ ಅಭ್ಯಾಸಬಲದಿಂದ ಕತ್ತು ಮಾಸ್ಟರ ಮೇಜಿನತ್ತ ಹೊರಳಿತು. ಅವರು ಬೆನ್ನು ತಿರುಗಿಸಿಕೊಂಡು ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಅವಳು ಕುಡಿದಳು. ಮೊದಲ ಲೋಟ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಎರಡನೆಯದನ್ನು ನಿಧಾನವಾಗಿ, ಗುಟುಕು ಗುಟುಕಾಗಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಳ್ಳಲು ಹೋಗಿ ಕಣ್ಣನ್ನೂ ಒರೆಸಿಕೊಂಡಳು.

ಬೆನ್ನ ಹಿಂದೆ ಜೇಬಮ್ಮ ನಿಂತಿದ್ದಳು. “ಅಕ್ಕಾ, ನನಗೂ ಒಂಚೂರು.”

“ಒಂಚೂರು ಯಾಕೇ?” ಎಂದು ಕಾಜಕ್ಕ ಲೋಟವನ್ನು ಅಂಚಿನವರೆಗೆ ತುಂಬಿಸಿ ಅವಳ ಕೈಗಿಟ್ಟಳು.